ಗಂಡು ನೊಣವನ್ನೂ ನೋಡಬೇಕು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ದೂರುತ್ತಾರೆ. ಇರಲಿ, ಮೂಗು ನನ್ನದೇ ತಾನೆ? ಹಾಸನದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ, ಬಾಟಲಿಗಳಲ್ಲಿ ಹಣ್ಣಿನ ನೊಣ ಸಾಕುತ್ತೇನೆ. ಕೊಳೆತ ಬಾಳೆಹಣ್ಣಿನ ವಾಸನೆ ಸೀರೆ ಬಿಟ್ಟು ಹೋಗದ್ದರಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸಾಮಾನ್ಯವಾಗಿ ಖಾಲಿ.

ನನ್ನ ಕೆಲಸವೇ ಆ ನೊಣಗಳ ಸಂತಾನದ ಸಮಾಚಾರ. ಆರ್‌ಎನ್‌ಎ ಎಂದರೆ ಜೀವಕೋಶದಲ್ಲಿ ಪ್ರೋಟೀನ್ ಮಾಡಿಸುವ ವಸ್ತು ಎಂದು ಶಾಲೆಯಲ್ಲಿ ಓದಿರುತ್ತೀರಿ. ಅದರಲ್ಲೇ ಕೆಲವು ಪುಟಾಣಿಗಳಿವೆ, ಯಾವ ಪ್ರೋಟೀನನ್ನೂ ಮಾಡಿಸುವುದಿಲ್ಲ. ಮಿಕ್ಕವರು ಅತಿಯಾಗಿ ಆಡದಂತೆ ಗದರಿಸಿ ಕೂರಿಸುವುದೇ ಅವುಗಳ ಉದ್ಯೋಗ, ಥೇಟ್ ನಮ್ಮ ಹೊಳೆನರಸೀಪುರದ ದೊಡ್ಡಮ್ಮನ ಹಾಗೆ. ಅವು ಕೈಕೊಟ್ಟರೆ ಹೆಣ್ಣು ನೊಣದಲ್ಲಿ ಮೊಟ್ಟೆ ಕೆಡುತ್ತದೆ, ಗಂಡಿನಲ್ಲಿ ವೀರ್ಯ ಕೆಡುತ್ತದೆ. ಗಂಡಿನಲ್ಲಿ ಎಂದೆ, ಕೇಳಿಸಿತೆ? ಅದಕ್ಕೇ ಬಾಟಲಿಯಲ್ಲಿ ಮರಿಹುಳು ಕಾಣದಿದ್ದರೆ ನಾವು ಇಬ್ಬರನ್ನೂ ಪರೀಕ್ಷಿಸುತ್ತೇವೆ.

ಹೋದ ತಿಂಗಳು ಅರಕಲಗೂಡಿನಲ್ಲಿ ನನ್ನ ತಂಗಿಯ ಸೀಮಂತ. ಹೆಂಗಸರೆಲ್ಲ ಸಾಲಾಗಿ ಅರಿಶಿನ ಹಚ್ಚಿ ಮಡಿಲು ತುಂಬುತ್ತಿದ್ದರು. ದೊಡ್ಡಮ್ಮನ ಸೊಸೆ ಭಾಗ್ಯ ತಟ್ಟೆ ಹಿಡಿದು ಬಂದಳು. ಮದುವೆಯಾಗಿ ವರ್ಷಗಳಾದರೂ ಅವಳಿಗೆ ಮಕ್ಕಳಿಲ್ಲ. ದೊಡ್ಡಮ್ಮ ಅವಳ ಕೈ ತಡೆದರು.

"ನೀ ಬ್ಯಾಡ ಕಣವ್ವ, ಅತ್ಲಾಗೆ ನಿಂತ್ಕೊ. ಮಕ್ಕಳೊಂದಿಗ್ರು ಮುಟ್ಲಿ."

ಭಾಗ್ಯ ತಟ್ಟೆ ಹಿಡಿದುಕೊಂಡೇ ಅತ್ತ ಸರಿದಳು. ನನ್ನ ಮೈಯೆಲ್ಲ ಉರಿದುಹೋಯಿತು. ಇವಳನ್ನು ಸುತ್ತಿಸದ ದೇವಸ್ಥಾನವಿಲ್ಲ, ಕುಡಿಸದ ಕಷಾಯವಿಲ್ಲ. ಅವಳ ಗಂಡ ಮಂಜನೋ, ಟೆಸ್ಟ್ ಎಂದರೆ ಸಾಕು, "ನಂಗೇನಾಗದೆ?" ಎಂದು ಮೀಸೆ ತಿರುವುತ್ತಾನೆ. ಅಂಥವನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಬೇರೆ ಶುರುವಾಗಿತ್ತು!

"ದೊಡ್ಡಮ್ಮ, ನಮ್ ಲ್ಯಾಬಲ್ಲಿ ಗಂಡು ನೊಣನೂ ನೋಡ್ತೀವಿ. ನಿಮ್ಮ ಮಗನ್ನ ನೋಡ್ಸಿದ್ದೀರಾ?" ಎಂದು ಎಲ್ಲರೆದುರೇ ಕಿರುಚಿದೆ.

"ಅಯ್ಯೋ ಇವಳ! ನೊಣಕ್ಕೂ ನನ್ ಮಗುಂಗೂ ಒಂದೇಯಾ?"

"ಎಲ್ಲಿ ಒಂದು? ನೊಣ ಟೆಸ್ಟ್ ಬ್ಯಾಡ ಅನ್ನಲ್ಲ!"

ಹೆಂಗಸರು ಕಿಸಕ್ಕನೆ ನಕ್ಕರು. ಊಟದ ಪಂಕ್ತಿಯವರೆಗೂ ಮಾತು ಹೋಯಿತು. ಆಮೇಲೆ ಮಂಜನಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಆದರೆ ಹಾಸನದಲ್ಲಿ ಬೇಡವಂತೆ. "ನಮ್ಮೋರ್ ಯಾರಾದ್ರೂ ಸಿಕ್ಬುಟ್ಟಾರು ಕಣಕ್ಕ, ಚನ್ನರಾಯಪಟ್ಟಣಕ್ಕೆ ಓಗುವ" ಎಂದ. ಕೋಪ ನುಂಗಿಕೊಂಡು ನಾನೂ ಹೊರಟೆ.

ಆಸ್ಪತ್ರೆಯಲ್ಲಿ ಅವನ ಅವತಾರ ನೋಡಬೇಕಿತ್ತು. ಸುಡುಬಿಸಿಲಿನಲ್ಲಿ ಮಂಕಿ ಕ್ಯಾಪು, ಅದರ ಕೆಳಗೆ ಮಾಸ್ಕು. ಕಣ್ಣೆರಡು ಬಿಟ್ಟರೆ ಮನುಷ್ಯನೇ ಕಾಣಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೂರುವುದಕ್ಕೆ ಇಷ್ಟು ನಾಚಿಕೆಯೇ! ಬಾಯಿಗೆ ಬಂದಂತೆ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಭಾಗ್ಯ ಅವನ ಮುಖದ ಮಾಸ್ಕನ್ನು ಮೆಲ್ಲಗೆ ಕೆಳಕ್ಕೆಳೆದಳು.

"ತೆಗೀರಿ ಅತ್ಲಾಗೆ. ಇಷ್ಟ್ ವರ್ಸ ನಾನೇನ್ ಮಕ ಮುಚ್ಕಂಡ್ ತಿರುಗಿದ್ನಾ?"

ನಾನು ತೆರೆದ ಬಾಯಿ ಮುಚ್ಚಿಕೊಂಡೆ.