ಬಿಟ್ಟು ಓದಿದ ಮೂವತ್ತನಾಲ್ಕು ಪುಟಗಳು

ಯಂತ್ರದ ಕೈಪಿಡಿ ಬರೆಯುವುದನ್ನು ಸಾಹಿತ್ಯವೆಂದು ಕರೆಯುವ ವಾಡಿಕೆ ನಮ್ಮಲ್ಲಿಲ್ಲ. ಇದ್ದಿದ್ದರೆ ಆ ಪ್ರಕಾರದ ಮೊದಲ ಸಾಲಿನಲ್ಲಿ ಶ್ರೀಮತಿ ಗುರುದೇವಿಯವರ ಹೆಸರು ಇರಬೇಕಾಗಿತ್ತು. ಸುರಪುರದ ಕಡೆಯಿಂದ ಹೈದರಾಬಾದಿಗೆ ಬಂದು, ಕುಷಾಯಿಗೂಡದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕೈಪಿಡಿ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದು, ಯಂತ್ರ ಕಟ್ಟಿದವರ ಮಾತನ್ನು ಯಂತ್ರ ನಡೆಸುವವರ ಮಾತಿಗೆ ಇಳಿಸುವ ಕೆಲಸವನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದ ಅವರು, ಈ ಮೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಕೈಪಿಡಿಯ ಮೇಲೆ ಬರೆದವರ ಹೆಸರು ಹಾಕುವುದಿಲ್ಲವಾದ್ದರಿಂದ, ದೇಶದ ಮೂಲೆಮೂಲೆಯಲ್ಲಿ ಅವರ ಓದುಗರಿದ್ದರೂ ಅವರನ್ನು ಬಲ್ಲವರು ಮಾತ್ರ ಕೆಲವರೇ.

ಆ ಕೆಲವರಲ್ಲಿ ಅಂಬಾದಾಸನೂ ಒಬ್ಬ. ಈ ಲೇಖನ ಬರೆಯುತ್ತಿರುವವನೂ ಅವನೇ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಸಂಪಾದಕಿ ಶ್ರೀವಿದ್ಯಾ ಅವರು 'ನಾನು' ಎಂದೇ ಬರೆಯಿರಿ ಎಂದರು. ಬರೆದು ನೋಡಿದ್ದೂ ಆಯಿತು. ಆದರೆ ಆ 'ನಾನು' ಎರಡನೇ ಸಾಲಿಗೇ ಕರಿ ಕೋಟು ತೊಟ್ಟು ತನ್ನ ಪರ ವಕಾಲತ್ತು ಶುರುಮಾಡಿತು. ಆದ್ದರಿಂದ ಅವನನ್ನು ಹೆಸರು ಹಿಡಿದೇ ಕರೆಯುವುದು ಲೇಸು.

ಅಂಬಾದಾಸ ಆ ವಿಭಾಗಕ್ಕೆ ಸೇರಿದ್ದು ಎರಡು ಸಾವಿರದ ಒಂದರಲ್ಲಿ. ಅವನ ಪಾಲಿಗೆ ಬಂದ ಮೊದಲ ಕೆಲಸ, ಎತ್ತರದ ಗೋಪುರಗಳ ಮೇಲೆ ಕೂರಿಸುವ ಒಂದು ಸಣ್ಣ ಪೆಟ್ಟಿಗೆಯ ಕೈಪಿಡಿ. ಹುರುಪಿನಲ್ಲಿ ಅವನು ವಿದ್ಯುಚ್ಛಕ್ತಿಯ ಇತಿಹಾಸದಿಂದ ಆರಂಭಿಸಿ ನಾಲ್ಕು ಪುಟ ಪೀಠಿಕೆ ಬರೆದ. ಗುರುದೇವಿಯವರು ಅದನ್ನು ಪೂರ್ತಿ ಓದಿ, ನಗದೆ, ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಹೇಳಿದರು: "ನೋಡು ತಮ್ಮಾ, ಇದನ್ನ ಓದಾವ ಕಂಬದ ಮ್ಯಾಲ ನಿಂತಾನ. ಒಂದು ಕೈಲೆ ಕಂಬ ಹಿಡದಾನ, ಇನ್ನೊಂದು ಕೈಯಾಗ ನಿನ್ನ ಪುಸ್ತಕ ಐತಿ. ಈಗ ಅವಂಗ ಏನು ಬೇಕೋ ಅಷ್ಟ ಹೇಳು. ಉಳದದ್ದು ಕೆಳಗ ಇಳದ ಮ್ಯಾಲ." ನಾಲ್ಕು ಪುಟ ಒಂಬತ್ತು ಸಾಲಾಯಿತು. ಮೇಲಧಿಕಾರಿಗಳು ಮೆಚ್ಚಿದಾಗ "ಅಂಬಾದಾಸನ ಕೆಲಸ" ಎಂದವರೂ ಅವರೇ. ಅವನ ತಾಯಿ ಆಸ್ಪತ್ರೆಯಲ್ಲಿದ್ದ ಮೂರು ವಾರ ಅವನ ಪಾಲಿನ ಕೆಲಸವನ್ನೆಲ್ಲ ತಾವೇ ಮಾಡಿ, ಅವನು ಮರಳಿ ಬಂದಾಗ ಆ ಸುದ್ದಿಯನ್ನೇ ಎತ್ತದೆ "ಊಟ ಆತೇನು?" ಎಂದಷ್ಟೇ ಕೇಳಿದರು.

ಕುಷಾಯಿಗೂಡದ ಕನ್ನಡ ಬಳಗದ ತಗಡಿನ ಸೂರಿನ ಸಭಾಂಗಣದಲ್ಲಿ ಅವರು ನಡೆಸಿಕೊಂಡು ಬಂದ ಭಾನುವಾರದ ಓದಿನ ಬಗ್ಗೆ ಈ ಸಂಪುಟದಲ್ಲಿ ಬೇರೆಯವರೂ ಬರೆದಿದ್ದಾರೆ. ಅದು ಹುಟ್ಟಿದ ಬಗೆ ಮಾತ್ರ ಹೇಳಬೇಕು. ಅವರ ಕ್ವಾರ್ಟರ್ಸಿನ ಹಿಂದೆ ಕಟ್ಟಡ ಏಳುತ್ತಿದ್ದಾಗ ಗಾರೆ ಹೊರುತ್ತಿದ್ದ ಯಂಕಮ್ಮ ಒಂದು ದಿನ ಕೋಠಿಯ ಆಸ್ಪತ್ರೆಯಿಂದ ತಂದ ಔಷಧದ ಚೀಟಿ ಹಿಡಿದು ಬಂದಳು. ದಿನಕ್ಕೆ ಎಷ್ಟು ಸಲ ಎಂದು ಓದಿ ಹೇಳಿದ್ದಾಯಿತು. ಅವಳು ಹೋಗಲಿಲ್ಲ. "ಮತ್ತೇನರ ಓದ್ರಿ ಅಕ್ಕಾರ, ಕನ್ನಡ ಕೇಳಿ ಭಾಳ ದಿನ ಆತು," ಎಂದಳು. ಅಂದಿನಿಂದ ಶುರುವಾದ ಓದು, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಐವತ್ತು ಅರವತ್ತು ಜನ ಕೂಡುವ ಮಟ್ಟಕ್ಕೆ ಬೆಳೆಯಿತು. ಆ ಜನ ಕಥೆ ಕೇಳುತ್ತಿದ್ದ ರೀತಿಯನ್ನು ಯಾವ ವಿಮರ್ಶಕನಾದರೂ ಕಲಿಯಬೇಕು. ಹಿಡಿಸಿದರೆ ಮಿಸುಕುತ್ತಿರಲಿಲ್ಲ, ಹಿಡಿಸದಿದ್ದರೆ ಸದ್ದಿಲ್ಲದೆ ಎದ್ದು ಚಹಾಕ್ಕೆ ಹೋಗುತ್ತಿದ್ದರು.

ಅಂಬಾದಾಸನಿಗೆ ಕಾದಂಬರಿ ಬರೆಯುವ ಹುಚ್ಚು ಹತ್ತಿದ್ದು ಈ ಸಭಾಂಗಣದಲ್ಲೇ. ಕೊಂಡಾಪುರದಲ್ಲಿ ಅಪಾರ್ಟ್‌ಮೆಂಟು ಕಟ್ಟಲೆಂದು ಸಿಡಿಸಿದ ಬಂಡೆಗಳೊಳಗೆ ವಾಸವಾಗಿದ್ದ ಅದೃಶ್ಯ ಜನ ಮನೆ ಕಳೆದುಕೊಂಡು ಲಿಫ್ಟುಗಳಲ್ಲೂ ನೀರಿನ ಟಾಕಿಗಳಲ್ಲೂ ಬಂದು ಸೇರಿಕೊಳ್ಳುತ್ತಾರೆ. ಅವರು ಕಾಣಿಸುವುದು ಗಾರೆ ಹೊರುವ ಒಬ್ಬ ಹುಡುಗಿಗೆ ಮಾತ್ರ. ಇದು 'ಬಂಡೆಯವರು' ಎಂಬ ಆ ಮೊದಲ ಕಾದಂಬರಿಯ ಕಥೆ. ಹಸ್ತಪ್ರತಿಯನ್ನು ಗುರುದೇವಿಯವರಿಗೆ ಕೊಟ್ಟ. ಎಲ್ಲಿ ಕಥೆ ನಿಂತು ಪಾಠ ಶುರುವಾಗಿತ್ತೋ ಅಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ 'ಕಂಬ' ಎಂಬ ಒಂದೇ ಮಾತು ಬರೆದು ಹಿಂದಿರುಗಿಸಿದರು. ಅಂಥವು ಐವತ್ತೆರಡು ಇದ್ದವು. ಐವತ್ತೆರಡನ್ನೂ ತೆಗೆದ.

ಎರಡು ಸಾವಿರದ ಹದಿನೈದರಲ್ಲಿ ಪುಸ್ತಕ ಬಂತು, ಹೆಸರೂ ಬಂತು. ಹೇಳದೆ ಬಿಟ್ಟದ್ದರಲ್ಲೇ ಈ ಲೇಖಕನ ಶಕ್ತಿಯಿದೆ ಎಂದು ಬರೆದವರು ಒಬ್ಬಿಬ್ಬರಲ್ಲ. ಕಾಚಿಗೂಡದ ಸಭೆಯೊಂದರಲ್ಲಿ ಶಾಲು ಹೊದಿಸಿದರು. ಅಂಬಾದಾಸ ಶಾಲು ಸರಿಪಡಿಸಿಕೊಂಡು, ಹೇಳದೆ ಬಿಡುವ ಕಲೆಯನ್ನು ತಾನು ಹೇಗೆ ಸಾಧಿಸಿದೆ ಎಂದು ಇಪ್ಪತ್ತು ನಿಮಿಷ ಹೇಳಿದ. ಮೂರನೇ ಸಾಲಿನಲ್ಲಿ ಕೂತಿದ್ದ ಗುರುದೇವಿಯವರು ಚಪ್ಪಾಳೆ ತಟ್ಟುತ್ತಿದ್ದರು. ಮುನ್ನುಡಿಯಲ್ಲಿ ಹದಿನಾಲ್ಕು ಜನರನ್ನು ನೆನೆದಿದ್ದ ಅವನು ಅವರ ಹೆಸರು ಹಾಕಿರಲಿಲ್ಲ. ಮರೆತದ್ದಲ್ಲ. ಹಾಕಿದರೆ ಜನ ಏನೆಂದುಕೊಂಡಾರು ಎಂದು ಯೋಚಿಸಿ ಬಿಟ್ಟದ್ದು. ನಾಚಿಕೆ ಎಂಬುದು ಅಲ್ಲೇ ಬರಬೇಕಿತ್ತು, ಬರಲಿಲ್ಲ.

ಆಮೇಲೆ ಎರಡನೇ ಭಾಗ ಬರೆಯಲು ಕೂತ. ಅಷ್ಟರಲ್ಲಿ ಕೊಂಡಾಪುರದ ಒಂದು ಓದುಗರ ಕೂಟದಲ್ಲಿ ತರುಣ ಎಂಬ ಇಂಜಿನಿಯರು ಕೇಳಿದ್ದ: "ಸರ್, ಬಂಡೆಯವರು ಹರಿಯೋ ನೀರು ದಾಟಲ್ಲ ಅಂತೀರಲ್ಲ, ಯಾಕೆ? ಅವರ ರೂಲ್ಸ್ ಏನು?" ಹುಡುಗ ಕುತೂಹಲದಿಂದ ಕೇಳಿದ್ದು. ಅಂಬಾದಾಸನಿಗೆ ಮಾತ್ರ ತಾನು ಪರೀಕ್ಷೆಯಲ್ಲಿ ಉತ್ತರ ಬಿಟ್ಟು ಬಂದವನಂತೆ ಕಸಿವಿಸಿಯಾಯಿತು. ಬರೆದ. ಬಂಡೆಯವರ ಅರವತ್ತನಾಲ್ಕು ಕುಲ, ಒಂಬತ್ತು ಬಗೆಯ ಕಲ್ಲು, ಯಾವ ಕುಲದವರು ಯಾವ ಮಹಡಿಯಲ್ಲಿ ಇರಬಹುದೆಂಬ ಕಟ್ಟಳೆ, ಮೊದಲ ಭಾಗದಲ್ಲಿ ಆದದ್ದರ ನೆನಪು, ಆ ನೆನಪಿನ ವಿವರಣೆ. ಹೆಸರಲ್ಲೇ ದಾಸನಿದ್ದವನು ಹೇಳಿದ್ದೇ ಹೇಳುವ ಕಿಸಬಾಯಿ ದಾಸನಾದ. ಈ ಹಸ್ತಪ್ರತಿಯನ್ನು ಗುರುದೇವಿಯವರಿಗೆ ತೋರಿಸಲಿಲ್ಲ. ಶಾಲು ಹೊದ್ದವನಿಗೆ ಪೆನ್ಸಿಲಿನ ಹಂಗೇಕೆ?

ಪುಸ್ತಕ ಬಂದ ವಾರವೇ ಅವರು ತಾವಾಗಿ ಒಂದು ಪ್ರತಿ ಕೊಂಡು ಭಾನುವಾರದ ಓದಿಗೆ ಎತ್ತಿಕೊಂಡರು. ಅದು ಎರಡು ಸಾವಿರದ ಹದಿನೆಂಟರ ಜುಲೈ. ಮೊದಲ ವಾರ ಸಭಾಂಗಣ ತುಂಬಿತ್ತು. ಗಾರೆ ಹೊರುವ ಹುಡುಗಿ ಮತ್ತೆ ಬಂದಳೆಂದು ಯಂಕಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು. ಎರಡನೇ ವಾರ ಕುಲಗಳ ಪಟ್ಟಿ ಬಂತು, ಅರ್ಧ ಜನ ಚಹಾಕ್ಕೆ ಎದ್ದರು. ಮೂರನೇ ವಾರ, ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದ ಗೊಲ್ಲಾಳಪ್ಪ ಚಹಾ ಕುಡಿದು, ಬೀಡಿ ಸೇದಿ, ಒಳಗೆ ಬಂದು ಮೆಲ್ಲಗೆ ಕೇಳಿದ: "ಆ ಹುಡುಗಿ ಇನ್ನ ಲಿಫ್ಟ್ ಹತ್ತಿಲ್ಲೇನ್ರಿ ಅಕ್ಕಾರ?" ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಅಂಬಾದಾಸನೂ ನಕ್ಕಂತೆ ಮಾಡಿದ.

ನಾಲ್ಕನೇ ವಾರ ಹುಡುಗಿ ಲಿಫ್ಟು ಹತ್ತಿದಳು. ಎಪ್ಪತ್ತೇಳನೇ ಪುಟದ ಕೊನೆಯ ಸಾಲಿನಲ್ಲಿ ಹದಿನೇಳನೇ ಮಹಡಿಯಿಂದ ಲಿಫ್ಟಿನ ಹಗ್ಗ ಕಡಿದುಹೋಯಿತು. ಎಪ್ಪತ್ತೆಂಟರಿಂದ ನೂರ ಹನ್ನೊಂದರವರೆಗೆ, ಬೀಳುತ್ತಿರುವ ಲಿಫ್ಟಿನೊಳಗೆ ಒಬ್ಬ ಮುದಿ ಬಂಡೆಯವನು ಅವಳಿಗೆ ತನ್ನ ಕುಲದ ಚರಿತ್ರೆ ಹೇಳುತ್ತಾನೆ. ಹೌದು, ಬೀಳುತ್ತಿರುವಾಗಲೇ. ಇದನ್ನು ಬರೆದವನಿಗೆ ಅದರಲ್ಲಿ ಯಾವ ವಿಚಿತ್ರವೂ ಕಂಡಿರಲಿಲ್ಲ. ಗುರುದೇವಿಯವರು ಎಪ್ಪತ್ತೇಳನ್ನು ಮುಗಿಸಿ, ಉಸಿರು ಎಳೆದುಕೊಂಡು, ಹಾಳೆಗಳನ್ನು ಒಟ್ಟಿಗೇ ಮಗುಚಿ, ನೂರ ಹನ್ನೆರಡರ ಮೊದಲ ಸಾಲು ಓದಿದರು: "ಲಿಫ್ಟು ನೆಲಮಹಡಿಯನ್ನೂ ದಾಟಿ ಕೆಳಗಿಳಿಯಿತು." ಸಭಾಂಗಣ ಒಮ್ಮೆಲೇ ನೆಟ್ಟಗಾಯಿತು. ಬಾಗಿಲಲ್ಲಿದ್ದವರು ಒಳಗೆ ಬಂದರು.

ಕೈಯಲ್ಲಿ ತನ್ನ ಪ್ರತಿ ಹಿಡಿದು ಸಾಲು ಸಾಲು ನೋಡುತ್ತಿದ್ದ ಅಂಬಾದಾಸ ಎದ್ದು ನಿಂತ.

"ಮೇಡಂ, ಮೂವತ್ತನಾಲ್ಕು ಪುಟ ಹಾರಿಸಿದ್ರಿ. ಇದು ಕಾದಂಬರಿ, ನಿಮ್ಮ ಕಾರ್ಖಾನಿ ಕೈಪಿಡಿ ಅಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವುದು ಅವನಿಗೆ ಯಾವಾಗ ಗೊತ್ತಿತ್ತು? ಕೂತವರ ಕಡೆ ಕೈ ತೋರಿಸಿ ಅಂದ: "ಇವರಿಗೆ ಬಿಡಿಸಿ ಹೇಳದಿದ್ರ ತಿಳಿಯೂದಿಲ್ಲ ಅಂತನ ಅಷ್ಟು ಬರದೀನಿ. ಅದನ್ನ ತಗದ್ರ ಇವರ ತಲಿಗೆ ಏನು ಹತ್ತತೈತಿ?"

ಅದು ಸುಳ್ಳು. ಅವನು ಬರೆದದ್ದು ಅವರಿಗಾಗಿ ಅಲ್ಲವೇ ಅಲ್ಲ, ಕೊಂಡಾಪುರದಲ್ಲಿ ಜಾಣನೆನಿಸಿಕೊಳ್ಳಲು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು, ವಾರಕ್ಕೊಮ್ಮೆ ಸಿಗುವ ಬಿಡುವಿನಲ್ಲಿ ತನ್ನ ಕಥೆ ಕೇಳಲು ಕೂತವರ ತಲೆಗೆ ತನ್ನ ದಡ್ಡತನ ಕಟ್ಟಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗುರುದೇವಿಯವರು "ತಪ್ಪಾತು," ಎಂದರು. ಎಪ್ಪತ್ತೆಂಟನೇ ಪುಟಕ್ಕೆ ಹಿಂದಿರುಗಿ ಓದತೊಡಗಿದರು. ಸಿಟ್ಟಿನಿಂದಲ್ಲ, ವ್ಯಂಗ್ಯದಿಂದಲೂ ಅಲ್ಲ. ಒಳ್ಳೆಯ ಪುಟಗಳನ್ನು ಓದುವಷ್ಟೇ ಮನಸ್ಸಿಟ್ಟು, ಪ್ರತಿ ಕುಲದ ಹೆಸರನ್ನೂ ಸ್ಪಷ್ಟವಾಗಿ ಉಚ್ಚರಿಸಿ, ಒಂದು ಅಕ್ಷರ ಬಿಡದೆ. ಒಂದು ಗಂಟೆ ಹದಿನೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಒಬ್ಬರೂ ಏಳಲಿಲ್ಲ. ಗೊಲ್ಲಾಳಪ್ಪ ಕೂಡ ಬೀಡಿಯನ್ನು ಕಿವಿಯ ಮೇಲೇ ಇಟ್ಟುಕೊಂಡು ಕೂತಿದ್ದ. ಕಥೆ ಹಿಡಿಸಿತೆಂದು ಕೂತದ್ದಲ್ಲ ಎಂಬುದು ಅಂಬಾದಾಸನಿಗೂ ಗೊತ್ತಿತ್ತು. ತಮ್ಮ ಅಕ್ಕಾರಿಗೆ ಅವಮಾನವಾಗಿದೆ, ಈಗ ಎದ್ದರೆ ಅದು ಇಮ್ಮಡಿಯಾಗುತ್ತದೆ ಎಂದು ಕೂತರು. ಆ ಮೂವತ್ತನಾಲ್ಕರಲ್ಲಿ ಹದಿನೈದನೇ ಪುಟದ ಹೊತ್ತಿಗೆ ಅವನಿಗೇ ಬೇಸರ ಬಂದಿತ್ತು. ಇಪ್ಪತ್ತರ ಹೊತ್ತಿಗೆ ಸಾಕು ನಿಲ್ಲಿಸಿ ಎನ್ನಬೇಕೆನಿಸಿತು. ತನ್ನ ಗಡಿಯಾರವನ್ನು ತಾನೇ ಮೂರು ಸಲ ನೋಡಿಕೊಂಡ. ನೂರ ಹನ್ನೊಂದು ಮುಗಿಯುವಷ್ಟರಲ್ಲಿ ಕೇಳುಗರನ್ನು ಕರೆದೊಯ್ಯುವ ಗುತ್ತಿಗೆದಾರನ ಲಾರಿ ಬಂದು ಹಾರನ್ ಹೊಡೆಯಿತು. ಹುಡುಗಿ ಲಿಫ್ಟಿನಲ್ಲಿರುವಾಗಲೇ ಪುಸ್ತಕ ಮುಚ್ಚಿತು.

ಅಂಬಾದಾಸ ಮತ್ತೆ ಆ ಕಡೆ ಹೋಗಲಿಲ್ಲ. ಕಾರ್ಖಾನೆಯಲ್ಲಿ ಮಾತ್ರ ಇಬ್ಬರ ಮೇಜೂ ಅಕ್ಕಪಕ್ಕ. ಮರುದಿನ ಅವರು ಎಂದಿನಂತೆ ಡಬ್ಬಿಯಿಂದ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಅವನು ಎಂದಿನಂತೆ ತಿಂದ. ಹೀಗೇ ಆರು ವರ್ಷ. ಕ್ಷಮೆ ಕೇಳಲು ದಿನವೂ ಅವಕಾಶವಿದ್ದದ್ದೇ ಕೇಳದಿರಲು ನೆಪವಾಯಿತು. ಎರಡನೇ ಭಾಗವನ್ನು ಜನ ಮರೆತರು. ಆ ಮಧ್ಯಾಹ್ನವನ್ನು ಅವನಿಗೆ ಮರೆಯಲಾಗಲಿಲ್ಲ.

ಈ ಲೇಖನ ಬರೆದುಕೊಡಿ ಎಂದು ಶ್ರೀವಿದ್ಯಾ ಅವರು ಪತ್ರ ಬರೆದ ಮೇಲೆ, ಹೋದ ತಿಂಗಳು, ಅವನು ಗುರುದೇವಿಯವರ ಮೇಜಿನೆದುರು ನಿಂತು "ಅಕ್ಕಾರ, ಅವತ್ತು ನಾ ಅಂದದ್ದು ಭಾಳ ತಪ್ಪಾತ್ರಿ," ಎಂದ. ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ನನಗ್ಯಾಕ ಹೇಳ್ತಿ? ನೀ ಅಂದದ್ದು ಅವರಿಗೆ. ಐತವಾರ ಬಾ."

ಹೋದ. ಭಾನುವಾರದ ಆ ಸಭೆಯಲ್ಲಿ ಗುರುತಿನ ಮುಖಗಳು ನಾಲ್ಕೇ ಇದ್ದವು. ಯಂಕಮ್ಮನ ತಲೆ ಬೆಳ್ಳಗಾಗಿತ್ತು. ಅವನು ಎದ್ದು ನಿಂತು, ಆಗ ತನ್ನ ಮನಸ್ಸು ಹೇಗಿತ್ತು, ಕೊಂಡಾಪುರದಲ್ಲಿ ಏನು ನಡೆದಿತ್ತು ಎಂದು ವಿವರಿಸತೊಡಗಿದ. ಯಂಕಮ್ಮ ಸ್ವಲ್ಪ ಹೊತ್ತು ಕೇಳಿದಳು.

"ಅದಿರ್ಲಿ ಬಿಡ್ರಿ ಸಾರ್. ಆ ಹುಡುಗಿ ಏನಾದ್ಳು?"

ಲಾರಿ ಹಾರನ್ ಹೊಡೆದ ಆ ದಿನದಿಂದ ಆ ಪುಸ್ತಕವನ್ನು ಗುರುದೇವಿಯವರು ಮುಂದೆ ಓದಿರಲೇ ಇಲ್ಲ. ಕೇಳಿದವರಿಗೆಲ್ಲ "ಬರದೋರು ಒಪ್ಪಲಿ, ಓದೋಣು," ಎಂದು ಹೇಳುತ್ತ ಬಂದಿದ್ದರಂತೆ. ಆರು ವರ್ಷ ಅವನ ಪಕ್ಕದಲ್ಲೇ ಕೂತು ಒಂದು ಮಾತೂ ಎತ್ತಿರಲಿಲ್ಲ. "ಗೊಲ್ಲಾಳಪ್ಪಣ್ಣ ಪುಣೆ ಕಡೆ ಕೆಲಸಕ್ಕ ಹೋಗೂಮುಂದನೂ ಕೇಳಿದ್ನ್ರಿ, ಹುಡುಗಿ ಉಳದಳೋ ಇಲ್ಲೋ ಅಂತ," ಎಂದಳು ಯಂಕಮ್ಮ. ಗೊಲ್ಲಾಳಪ್ಪನ ಫೋನ್ ನಂಬರು ಬದಲಾಗಿದೆ. ಈಗ ಎಲ್ಲಿದ್ದಾನೋ ಅವರಾರಿಗೂ ಗೊತ್ತಿಲ್ಲ. ತಲೆಗೆ ಹತ್ತುವುದಿಲ್ಲ ಎನಿಸಿಕೊಂಡವನು ಆ ಕಥೆಯನ್ನು ತಲೆಯಲ್ಲಿಟ್ಟುಕೊಂಡೇ ಊರು ದಾಟಿ ಹೋಗಿದ್ದ. ಅಂಬಾದಾಸ ಗುರುದೇವಿಯವರ ಕಡೆ ತಿರುಗಿದ. "ನಿಮಗ ಹೆಂಗ ಬೇಕೋ ಹಂಗ ಓದ್ರಿ ಅಕ್ಕಾರ," ಎಂದು ಪುಸ್ತಕ ಅವರ ಕೈಗಿತ್ತ. ಅವರು ಓದಿದರು. ಎಷ್ಟು ಪುಟ ಬಿಟ್ಟರೆಂದು ಅವನು ನೋಡಲಿಲ್ಲ.

ನಿವೃತ್ತಿಯ ನಂತರ ಗುರುದೇವಿಯವರಿಗೆ ಭಾನುವಾರವಷ್ಟೇ ಅಲ್ಲ, ವಾರದ ಏಳೂ ದಿನ ಬಿಡುವು ಸಿಗಲಿದೆ. ಕಣ್ಣು, ಕೊರಳು ಎರಡೂ ಗಟ್ಟಿಯಾಗಿದ್ದು, ನೂರು ತುಂಬುವವರೆಗೆ ಅವರು ಓದುತ್ತಿರಲಿ. ಬರೆಯುವವರು ಅವರ ಎದುರು ಕೂತು ಕೇಳುವ ಬುದ್ಧಿ ಕಲಿಯಲಿ. ಅವರಿಗೆ ಸಲ್ಲಬೇಕಾದ ಹೆಸರನ್ನು ಒಂಬತ್ತು ವರ್ಷ ಬಚ್ಚಿಟ್ಟವನು ಈ ಪುಟದಲ್ಲಿ ತಲೆಬಾಗಿ ಅದನ್ನು ಒಪ್ಪಿಸುತ್ತಿದ್ದಾನೆ.

ಇನ್ನೊಂದು ವಿನಂತಿ. ಈ ಸಂಪುಟ ಪುಣೆಯ ಕಡೆ ಯಾರ ಕೈಗಾದರೂ ಸಿಕ್ಕು, ಅಲ್ಲಿ ಸೆಂಟ್ರಿಂಗ್ ಕೆಲಸದ ಗೊಲ್ಲಾಳಪ್ಪ ಎಂಬಾತ ಭೇಟಿಯಾದರೆ, ದಯವಿಟ್ಟು ಹೇಳಿ: ಹುಡುಗಿ ಉಳಿದಳು. ಅಷ್ಟು ಹೇಳಿದರೆ ಸಾಕು. ಉಳಿದದ್ದು ಅವನಿಗೆ ತಿಳಿಯುತ್ತದೆ.