ಇಪ್ಪತ್ತು ನಿಮಿಷದ ಕಳಲೆ

ಹೋದ ಭಾನುವಾರ ಮಧ್ಯಾಹ್ನ ಚನ್ನರಾಯಪಟ್ಟಣದಿಂದ ನನ್ನ ಗಂಡನ ತಂಗಿ ಸುಮಾ ಎಸ್ಸೆಮ್ಮೆಸ್ ಕಳಿಸಿದಳು. ‘ಅತ್ತಿಗೆ, ನಿಮ್ಮ ಕಳಲೆ ಪಲ್ಯ ಇಪ್ಪತ್ತೇ ನಿಮಿಷಕ್ಕೆ ರೆಡಿ. ಊಟಕ್ಕೆ ಬಡಿಸ್ತಿದ್ದೀನಿ.’

ಓದಿದವಳೇ ಊಟ ಬಿಟ್ಟು ಎದ್ದೆ.

ಕಳಲೆ ಅಂದರೆ ಎಳೆ ಬಿದಿರು. ಹೆಚ್ಚಿ, ದಿನಾ ನೀರು ಬದಲಾಯಿಸುತ್ತಾ ನೆನೆಹಾಕಬೇಕು. ಇಲ್ಲದಿದ್ದರೆ ನಂಜು. ಇದು ನನ್ನ ತವರು ಅರಕಲಗೂಡಿನ ಕಡೆ ಮಕ್ಕಳಿಗೂ ಗೊತ್ತು. ಬಯಲುಸೀಮೆಯಲ್ಲೇ ಹುಟ್ಟಿ ಬೆಳೆದ ಸುಮಾಗೆ ಹೇಗೆ ಗೊತ್ತಿರಬೇಕು? ಹಸಿ ಕಳಲೆ ಕಳಿಸಿದವಳು ನಾನೇ. ಮಾಡೋದು ಹೇಗೆ ಅಂತ ಅವಳು ಕೇಳಿದ್ದಕ್ಕೆ, ನೆಟ್‌ನಲ್ಲಿ ಹುಡುಕು, ನಾನೇ ಬರೆದಿದ್ದೀನಿ ಅಂದಿದ್ದೆ. (ಜಂಬ, ಇನ್ನೇನು?)

ನನ್ನದೊಂದು ಪುಟ್ಟ ವೆಬ್‌ಸೈಟ್ ಇದೆ. ಅಮ್ಮನ ಅಡುಗೆಗಳನ್ನು ಅದರಲ್ಲಿ ಹಾಕುತ್ತೇನೆ. ಜನ ಓದುವುದಕ್ಕೆ ಕನ್ನಡ. ಅದರ ಹಿಂದೆ, ಕಣ್ಣಿಗೆ ಕಾಣದ ಹಾಗೆ, ಮಷೀನು ಓದುವುದಕ್ಕೆ ಒಂದು ಕೋಡ್. PT20M ಅಂದರೆ ಇಪ್ಪತ್ತು ನಿಮಿಷ. ಬೇಯಿಸುವ ಹೊತ್ತನ್ನು ಹಾಗೆ ಬರೆದೆ. ನೆನೆಸುವುದು ಎಷ್ಟು ಹೊತ್ತು?

‘ವಾಸ್ನೆ ಓಗೋಗಂಟ ನೆನಿಬೇಕು ಕಣೆ. ಅದ್ನೆಲ್ಲ ಯಾರು ಲೆಕ್ಕ ಇಟ್ಕಂಡವ್ರೆ’ ಅಂದಿದ್ದಳು ಅಮ್ಮ.

ವಾಸನೆ ಹೋಗುವವರೆಗೆ ಅನ್ನುವುದಕ್ಕೆ ಕೋಡ್ ಎಲ್ಲಿಂದ ತರಲಿ? ಅಮ್ಮ ಹೇಳಿದ್ದನ್ನು ಕನ್ನಡದಲ್ಲಿ ಬರೆದೆ. ಕೋಡಿನಲ್ಲಿ ಆ ಜಾಗ ಖಾಲಿ ಬಿಟ್ಟೆ.

ಆಮೇಲೆ ಯಾವುದೋ ಅಡುಗೆ ಸೈಟಿನ ಮಷೀನು ಬಂದು ತನಗೆ ಅರ್ಥವಾದಷ್ಟನ್ನು, ಅಂದರೆ ಕೋಡಿನಲ್ಲಿದ್ದಷ್ಟನ್ನು, ಎತ್ತಿಕೊಂಡು ಹೋಗಿತ್ತು. ‘ಒಟ್ಟು ಸಮಯ: ಇಪ್ಪತ್ತು ನಿಮಿಷ.’ ಕೆಳಗೆ ನನ್ನ ಹೆಸರು. ಸುಮಾ ಹುಡುಕಿದಾಗ ಸಿಕ್ಕಿದ್ದು ಅದು.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಊಟದ ಹೊತ್ತಿನಲ್ಲಿ ಯಾರು ತಾನೇ ಎತ್ತುತ್ತಾರೆ? ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ರಿಂಗ್ ಆಗುತ್ತಲೇ ಇತ್ತು. ಇಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಕೊನೆಗೆ ಅವಳ ಮಾವ ಎತ್ತಿದರು. ‘ಬೇವಿನ್ ಸೊಪ್ಪಂಗೆ ಕಯ್ಯಿ ಕಣವ್ವ. ಎಲ್ರೂ ಉಗುದ್ಬುಟ್ವಿ’ ಅಂದರು. ಹೋದ ಜೀವ ಬಂತು. ಅಷ್ಟರಲ್ಲಿ ಅವರೇ ಸೇರಿಸಿದರು: ‘ಸುಮ ಒಬ್ಳು ಮಾತ್ರ ಸುಮ್ನೆ ಕೂತ್ಕಂಡು ತಿಂತಾವ್ಳೆ.’

ತಟ್ಟೆ ಕಿತ್ತುಕೊಳ್ಳಿ ಅಂತ ಕಿರುಚಿದೆ.

ಸುಮಾಗೆ ವಾಂತಿ, ತಲೆಸುತ್ತು, ಆಸ್ಪತ್ರೆ. ನಾನಿರುವ ಹಾಸನದಿಂದ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಯಾವ ಯಾವ ದೇವರಿಗೆ ಹರಕೆ ಹೊತ್ತೆನೋ. ಸಂಜೆಗೆ ಸುಮಾ ಎದ್ದು ಕೂತಳು. ‘ನೀವು ಕಳ್ಸಿದ್ದು ಅಂತ ಬಿಸಾಕಕ್ಕೆ ಮನಸ್ಸೇ ಬರ್ಲಿಲ್ಲ ಅತ್ತಿಗೆ’ ಅಂತ ನಕ್ಕಳು. ನನಗೆ ನಗು ಬರಲಿಲ್ಲ. (ಮನೆಯವರೆಲ್ಲ ಬೇಡ ಅಂದಿದ್ದನ್ನು ನಾವು ಹೆಂಗಸರು ಯಾಕೆ ತಿಂದು ಮುಗಿಸುತ್ತೇವೆ?)

ಮನೆಗೆ ಬಂದವಳೇ ಕೋಡ್ ತಿದ್ದಿದೆ. ನೆನೆಸುವುದಕ್ಕೆ P3D, ಅಂದರೆ ಮೂರು ದಿನ. ಆ ಇನ್ನೊಂದು ಸೈಟಿಗೂ ಮೇಲ್ ಹಾಕಿದೆ. ಉತ್ತರವಿಲ್ಲ. ಇದನ್ನು ಬರೆಯುತ್ತಿರುವಾಗಲೂ ಅಲ್ಲಿ ಇಪ್ಪತ್ತು ನಿಮಿಷವೇ ಇದೆ, ನನ್ನ ಹೆಸರೂ ಇದೆ.

ಈಗ ಯಾರ ಮನೆಯಲ್ಲಿ ಒಲೆ ಹತ್ತಿದೆಯೋ?