ಕಡ್ಡಿ ಇಟ್ಟ ಸಾಲು

ನಮ್ಮತ್ತೆಯ ಬಲಗಿವಿಯ ಮೇಲೆ ಯಾವಾಗಲೂ ಒಂದು ತೆಂಗಿನ ಕಡ್ಡಿ ಸಿಕ್ಕಿಸಿರುತ್ತಿತ್ತು. ಬಡಗಿಗಳು ಪೆನ್ಸಿಲ್ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಗೇಣುದ್ದದ ಕಡ್ಡಿ, ಚುಚ್ಚದ ಹಾಗೆ ಚಾಕುವಿನಲ್ಲಿ ನಯವಾಗಿ ಹೆರೆದದ್ದು. ವರ್ಷಗಟ್ಟಲೆ ಇಟ್ಟು ಇಟ್ಟು ಕಿವಿಯ ಮೇಲಿನ ಚರ್ಮದಲ್ಲಿ ಸಣ್ಣ ಗೆರೆಯೇ ಬಿದ್ದಿತ್ತು. ಕೊನೆಗಾಲದಲ್ಲಿ ಅವಳಿಗೆ ಸ್ನಾನ ಮಾಡಿಸುವಾಗ ನನಗೆ ಆ ಗೆರೆ ಕಾಣುತ್ತಿತ್ತು, ಕಂಡಾಗಲೆಲ್ಲ ಚಿಕ್ಕಪ್ಪನ ಮೇಲೆ ಸಿಟ್ಟು ನೆತ್ತಿಗೇರುತ್ತಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡು ಹೊಸದುರ್ಗಕ್ಕೆ ವಾಪಸ್ಸು ಬಂದವಳು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು, ನಿವೃತ್ತಿಯವರೆಗೂ ಅಲ್ಲೇ ಇದ್ದಳು. ಕಿರಿಯ ತಮ್ಮನನ್ನು, ಅಂದರೆ ನನ್ನ ಚಿಕ್ಕಪ್ಪನನ್ನು ಓದಿಸಿದ್ದು ಅವಳು. ಅವನ ಮದುವೆ ಮಾಡಿದ್ದೂ ತೋಟಕ್ಕೆ ಬೋರು ಹಾಕಿಸಿದ್ದೂ ಅವಳೇ. ಆ ಮನೆಯಲ್ಲೇ ಒಂದು ಕೋಣೆ ಇಟ್ಟುಕೊಂಡು ಬದುಕಿದಳು. ಮಾಡಿದ್ದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಬೇಕಾಗಿತ್ತು ಎಂದು ಈಗ ನನಗೆ ಅನ್ನಿಸುತ್ತದೆ.

ಅವಳು ಒಟ್ಟೊಟ್ಟಿಗೆ ನಾಲ್ಕು ಪುಸ್ತಕ ಓದುತ್ತಿದ್ದಳು. ಒಂದೊಂದಕ್ಕೂ ಒಂದೊಂದು ಜಾಗ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕ ಪ್ರವಾಸದ ಪುಸ್ತಕ. ಅನ್ನ ಬೇಯುವವರೆಗೆ ಯಾರೋ ಪುಣ್ಯಾತ್ಮನ ಜೊತೆ ಹಿಮದ ಬೆಟ್ಟ ಹತ್ತುತ್ತಿದ್ದಳು, ಕುಕ್ಕರ್ ಕೂಗಿದರೆ ಇಳಿದು ಬರುತ್ತಿದ್ದಳು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲಿನ ಗೂಡಿನಲ್ಲಿ ಹಕ್ಕಿಗಳ ಪುಸ್ತಕ. ವ್ಯಾನಿಟಿ ಬ್ಯಾಗಿನಲ್ಲಿ ಸಣ್ಣ ಕಥೆಗಳದ್ದು, ಅದು ಬಸ್ಸಿನ ಪುಸ್ತಕ. ಮಂಚದ ತಲೆದಿಂಬಿನ ಹತ್ತಿರ ಒಂದು ದಪ್ಪ ಕಾದಂಬರಿ, ದೊಡ್ಡ ಕೂಡುಕುಟುಂಬವೊಂದರ ಕಥೆ. ಅಡುಗೆಮನೆಯದು ಮಂಚಕ್ಕೆ ಬರುವಂತಿರಲಿಲ್ಲ, ಮಂಚದ್ದು ಹಿತ್ತಲಿಗೆ ಹೋಗುವಂತಿರಲಿಲ್ಲ. ಹೊಳಲ್ಕೆರೆಯ ನಮ್ಮ ಮನೆಗೆ ಬಂದಾಗ ಬಸ್ಸಿನ ಪುಸ್ತಕ ಬ್ಯಾಗಿನಿಂದ ಹೊರಗೆ ಬರುತ್ತಲೇ ಇರಲಿಲ್ಲ. ಕಥೆ ಎಂಥ ಜಾಗದಲ್ಲಿ ನಿಂತಿದ್ದರೂ ಅಷ್ಟೆ. ವಾಪಸ್ಸು ಹೋಗುವಾಗ ನೋಡಾಣ ಬಿಡು ಎನ್ನುತ್ತಿದ್ದಳು. ಒಮ್ಮೆ ಅವಳ ಜೊತೆ ನಾನೂ ರಾಮಗಿರಿಯ ನೆಂಟರ ಮನೆಗೆ ಹೊರಟಿದ್ದೆ. ರೈಲ್ವೆ ಗೇಟ್ ಹಾಕಿ ಬಸ್ಸು ನಿಂತೇ ನಿಂತಿತು. ಬಸ್ಸಿನಲ್ಲಿದ್ದವರೆಲ್ಲ ಗೇಟಿನವನಿಗೆ ಶಾಪ ಹಾಕುತ್ತಿದ್ದರೆ ಇವಳು ಮಾತ್ರ ಇನ್ನೊಂದು ರೈಲೂ ಬರಲಿ ಎಂಬ ಮುಖ ಮಾಡಿಕೊಂಡು ಪುಟ ತಿರುಗಿಸುತ್ತಿದ್ದಳು.

ಕಡ್ಡಿಯ ವಿಷಯ ಹೇಳಬೇಕು. ಅವಳು ಅದನ್ನು ಪುಟಗಳ ನಡುವೆ ಸುಮ್ಮನೆ ತುರುಕುತ್ತಿರಲಿಲ್ಲ. ಓದು ನಿಂತ ಸಾಲಿನ ಕೆಳಗೇ ಅಡ್ಡಲಾಗಿ ಮಲಗಿಸಿ, ತುದಿ ಒಂದಿಷ್ಟು ಹೊರಗೆ ಕಾಣುವ ಹಾಗೆ ಪುಸ್ತಕ ಮುಚ್ಚುತ್ತಿದ್ದಳು. ಮತ್ತೊಮ್ಮೆ ಓದಬೇಕು ಅನ್ನಿಸಿದ ಸಾಲಿಗೆ ಬೇರೆ ಕಡ್ಡಿ, ಅದಕ್ಕೊಂದು ಕೆಂಪು ದಾರದ ಗಂಟು. ಹಾಗಾಗಿ ಅವಳ ಪುಸ್ತಕಗಳು ಮುಳ್ಳುಹಂದಿಯ ಹಾಗೆ ಕಾಣುತ್ತಿದ್ದವು. ನಾನು ಪಿಯುಸಿ ಓದುವಾಗ ಆ ಮನೆಯಲ್ಲೇ ಇದ್ದೆ. ಅಧ್ಯಾಯ ಮುಗಿಯಲು ಅರ್ಧ ಪುಟ ಇರುವಾಗ ಯಾಕೆ ನಿಲ್ಲಿಸುತ್ತೀಯ ಎಂದು ಒಂದು ಸಲ ಕೇಳಿದೆ.

"ಮುಗಿಸಿಬಿಟ್ರೆ ಅವರು ಅಲ್ಲೇ ಉಳೀತಾರೆ ಕಣೇ," ಎಂದಳು. "ಮಧ್ಯದಾಗೆ ಬಿಟ್ರೆ ನನ್ನ ಹಿಂದೇನೇ ಬರ್ತಾರೆ. ಪಾತ್ರೆ ತೊಳಿಯಾಕೆ ಜತೆ ಆಗ್ತೈತೆ."

ಚಿಕ್ಕಪ್ಪ ಇದನ್ನು ಸಹಿಸುತ್ತಿರಲಿಲ್ಲ. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಮಡಚಿ, ಮೂಲೆಗೆ ಮೂಲೆ ಕೂಡಿಸಿ ಇಡುವ ಮನುಷ್ಯ ಅವನು. ಒಂದು ಮುಗಿಸಿ ಇನ್ನೊಂದು ಹಿಡಿಯಬಾರದೇನಕ್ಕ ಎಂದು ಊಟಕ್ಕೆ ಕೂತಾಗಲೆಲ್ಲ ಕೊರೆಯುತ್ತಿದ್ದ. ದಿನಾ ಒಂದೇ ಮನೆಗೆ ಹೋಗಿ ಕುಂತ್ಕಂಡ್ರೆ ಅವರಿಗೂ ಬೇಜಾರು, ನಾಕು ಮನೆ ಬಳಕೆ ಇದ್ರೆ ಚಂದ ಕಣೋ ಎಂದು ಇವಳು ನಗುತ್ತಿದ್ದಳು. ಅವನ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ಈಗ ಫೋನಿನಲ್ಲಿ ಪುಸ್ತಕದ ರಾಶಿಯ ಪಕ್ಕ ನಿಂತು, ಈ ತಿಂಗಳು ಇಷ್ಟು ಮುಗಿಸಿದೆ ಎಂದು ಫೋಟೊ ಹಾಕುವವರನ್ನು ಕಂಡರೂ ನನಗೆ ಚಿಕ್ಕಪ್ಪನೇ ಕಣ್ಣ ಮುಂದೆ ಬರುತ್ತಾನೆ. ಏನು ಮುಗಿಸಿದರೋ, ಯಾರಿಗೆ ಲೆಕ್ಕ ಕೊಡಬೇಕೋ!

ಹೋದ ವರ್ಷ ಮಳೆಗಾಲ ಹಿಡಿಯುವ ಮುಂಚೆ ಅತ್ತೆ ಹಿತ್ತಲಲ್ಲಿ ಬಿದ್ದಳು. ಲಕ್ವ ಹೊಡೆದಿತ್ತು. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು, ನಾನು ಶಾಲೆಗೆ ರಜೆ ಹಾಕಿ ಓಡಿದೆ. ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು, ನಾಲಿಗೆ ಹೊರಳುತ್ತಿರಲಿಲ್ಲ. ಕಿಟಕಿಯಾಚೆ ಜೋಗಿಮಟ್ಟಿ ಕಡೆಯ ಗುಡ್ಡ ನೋಡುತ್ತ ಮಲಗಿರುತ್ತಿದ್ದಳು. ಮಾತು ಮರಳಿದ ಮೊದಲ ದಿನ ನೀರು ಕೇಳಲಿಲ್ಲ, ತಮ್ಮನನ್ನು ಕೇಳಲಿಲ್ಲ. ಒಂದೊಂದೇ ಶಬ್ದ ಎಳೆದೆಳೆದು, "ಪುಸ್ತಕ... ಕಡ್ಡಿ ಇದ್ದಂಗೇ ತಾ," ಎಂದಳು. ಇನ್ನೊಂದು ಸಲ ಹೀಗೇ ಆಗಬಹುದು, ಯಾವಾಗ ಎಂದು ಹೇಳಲಾಗದು, ಆದರೆ ತಡೆಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಇರುವಷ್ಟು ದಿನ ಅವಳು ಬಿಟ್ಟ ಸಾಲಿನಿಂದಲೇ ಅವಳು ಓದಬೇಕು ಎಂದುಕೊಂಡು ನಾನು ಹೊಸದುರ್ಗದ ಬಸ್ಸು ಹತ್ತಿದೆ.

ಮನೆಗೆ ಹೊಸ ಬಣ್ಣ ಹೊಡೆದಿದ್ದರು. ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಇತ್ತು, ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ನಡುಮನೆಯಲ್ಲಿ ಗಾಜಿನ ಬಾಗಿಲಿನ ಬೀರು ಬಂದಿತ್ತು. ಅದರಲ್ಲಿ ಅತ್ತೆಯ ಪುಸ್ತಕಗಳೆಲ್ಲ ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ, ಸೈನಿಕರ ಹಾಗೆ ನಿಂತಿದ್ದವು. ಚಿಕ್ಕಪ್ಪ ಹೆಮ್ಮೆಯಿಂದ ಬಾಗಿಲು ತೆರೆದು ತೋರಿಸಿದ.

"ನೋಡಮ್ಮ, ಹೆಂಗೆ ಜೋಡ್ಸೀನಿ. ಪುಸ್ತಕದಾಗೆಲ್ಲ ಬರೀ ಕಸ. ಒಂದೊಂದೂ ಬಿಡಿಸಿ ಒರೆಸಿ ಇಟ್ಟೀನಿ."

ನಾನು ಕಾದಂಬರಿ ತೆಗೆದು ನೋಡಿದೆ. ಏನೂ ಇರಲಿಲ್ಲ. ಪ್ರವಾಸದ್ದು ತೆಗೆದೆ, ಹಕ್ಕಿಯದ್ದು ತೆಗೆದೆ. ಬ್ಯಾಗಿನಲ್ಲಿದ್ದ ಬಸ್ಸಿನ ಪುಸ್ತಕವನ್ನೂ ಬಿಟ್ಟಿರಲಿಲ್ಲ, ಅದನ್ನೂ ತಂದು ಸಾಲಿಗೆ ಸೇರಿಸಿದ್ದ. ಕಡ್ಡಿಗಳೆಲ್ಲಿ ಎಂದು ಕೇಳಿದೆ. ಚಿಕ್ಕಮ್ಮ ಬಚ್ಚಲಿನಿಂದ ಒಂದು ಮೋಟು ಪೊರಕೆ ಹಿಡಿದುಕೊಂಡು ಬಂದಳು. ತೆಂಗಿನ ತೋಟದವರ ಮನೆಯಲ್ಲಿ ಕಡ್ಡಿ ಬಿಸಾಡುವ ಪದ್ಧತಿ ಇಲ್ಲ. ಅಷ್ಟು ನಯವಾಗಿ ಹೆರೆದ ಕಡ್ಡಿ ಹಾಳು ಮಾಡುವುದು ಯಾಕೆ ಎಂದು ಕಟ್ಟು ಕಟ್ಟಿ, ಬಚ್ಚಲು ಉಜ್ಜುವುದಕ್ಕೆ ಇಟ್ಟುಕೊಂಡಿದ್ದಳಂತೆ. ಕೆಂಪು ದಾರದ ಗಂಟಿದ್ದವೂ ಅದರಲ್ಲೇ ಇದ್ದವು, ಸೋಪಿನ ನೀರಿಗೆ ದಾರದ ಬಣ್ಣ ಬಿಟ್ಟಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪನ ಎದುರು ಯಾವತ್ತೂ ದನಿ ಎತ್ತಿದವಳಲ್ಲ ನಾನು.

"ಅವಳು ಸತ್ತಿಲ್ಲ ಚಿಕ್ಕಪ್ಪ," ಎಂದೆ. "ಓದ್ತಾ ಇದಾಳೆ."

ಅವನಿಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಅದಕ್ಕೇನಾತೀಗ, ಮೊದಲಿಂದ ಓದ್ಲಿ ಬಿಡು, ಅವಳಿಗೇನು ಬೇರೆ ಕೆಲಸ ಐತಾ ಎಂದ. ಕಾಫಿ ಕುಡಿದು ಹೋಗು ಎಂದು ಚಿಕ್ಕಮ್ಮ ಕರೆದಳು. ನಾನು ನಾಲ್ಕು ಪುಸ್ತಕ ಚೀಲಕ್ಕೆ ಹಾಕಿಕೊಂಡೆ, ಅವಳ ಕೈಯಿಂದ ಪೊರಕೆಯನ್ನೂ ಕಿತ್ತುಕೊಂಡೆ. ಬಸ್ಸಿನಲ್ಲಿ ಬಚ್ಚಲು ಪೊರಕೆ ತೊಡೆಯ ಮೇಲಿಟ್ಟುಕೊಂಡು ಕೂತವಳನ್ನು ಎಲ್ಲರೂ ತಿರುಗಿ ತಿರುಗಿ ನೋಡಿದರು.

ಆಸ್ಪತ್ರೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಅವಳು ಪೊರಕೆ ನೋಡಿದಳು, ಅರ್ಧ ಬಾಯಲ್ಲಿ ನಕ್ಕಳು. ಆಮೇಲೆ ಕಣ್ಣಲ್ಲಿ ನೀರು ಬಂತು. ನಾನು ಚಿಕ್ಕಪ್ಪನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರೆ ಅವಳು ಎಡಗೈ ಎತ್ತಿ ತಡೆದಳು. "ಪಾಪ... ಒರೆಸ್ಯಾನೆ," ಎಂದಳು. ಅವಳು ಒಂದು ಸಲ, ಒಂದೇ ಒಂದು ಸಲ ಸಿಟ್ಟು ಮಾಡಿದ್ದರೂ ನನ್ನದು ಅಷ್ಟಕ್ಕೇ ತಣ್ಣಗಾಗುತ್ತಿತ್ತೇನೋ. ಅವಳ ಪಾಲಿನದನ್ನೂ ನಾನೇ ಹೊತ್ತುಕೊಳ್ಳಬೇಕಾಯಿತು.

ಆಸ್ಪತ್ರೆಯಿಂದ ಅವಳನ್ನು ಹೊಳಲ್ಕೆರೆಯ ನಮ್ಮ ಮನೆಗೇ ಕರೆದುಕೊಂಡು ಬಂದೆವು. ನನ್ನ ಗಂಡ ಅಡುಗೆಮನೆಯ ಬಾಗಿಲ ಹತ್ತಿರ ಮಂಚ ಹಾಕಿಕೊಟ್ಟರು. ನಾನು ಪೊರಕೆ ಬಿಚ್ಚಿ, ಕಡ್ಡಿಗಳನ್ನು ತೊಳೆದು ಬಿಸಿಲಿಗೆ ಒಣಗಿಸಿದೆ. ಆಮೇಲೆ ಅವಳು ಬಿಟ್ಟ ಸಾಲು ಹುಡುಕುವ ಕೆಲಸ. ಪುಸ್ತಕ ಎಲ್ಲೋ ಒಂದು ಕಡೆ ತೆರೆದು ಓದುವುದು ನಾನು, ಓದಿಯಾದದ್ದಾದರೆ ಅವಳು ಎಡಗೈ ಬೆರಳೆತ್ತುವುದು, ಅಲ್ಲದಿದ್ದರೆ ತಲೆಯಾಡಿಸುವುದು. ಹಿಂದೆ ಹೋಗಿ, ಮುಂದೆ ಬಂದು, ಅಡುಗೆ ಮಾಡುತ್ತ ಮಾಡುತ್ತ ಪ್ರವಾಸದ ಪುಸ್ತಕದ ಸಾಲು ಹಿಡಿದೆವು. ಹಕ್ಕಿಯದ್ದಕ್ಕೆ ಹಿತ್ತಲಿಗೇ ಕರೆದುಕೊಂಡು ಹೋಗಬೇಕಾಯಿತು, ಅಲ್ಲಿ ಬೇಗ ಸಿಕ್ಕಿತು. ಬಸ್ಸಿನ ಪುಸ್ತಕ ಮಾತ್ರ ಮನೆಯಲ್ಲಿ ತೆರೆಯಲು ಬಿಡಲಿಲ್ಲ. ಬಾಯಿ ತೊದಲುತ್ತಿದ್ದರೂ ಹಟ ಹೋಗಿರಲಿಲ್ಲ. ಆಸ್ಪತ್ರೆಗೆ ತೋರಿಸಲು ಹೋಗುವಾಗ ಕಾರು ಬೇಡವೆಂದು ಬಸ್ಸಿನಲ್ಲೇ ಹೋದೆವು. ನಾನು ಜೋರಾಗಿ ಓದುತ್ತ ಹೋದೆ. ಮುಂದಿನ ಸೀಟಿನ ಹೆಂಗಸೊಬ್ಬಳು ಇಳಿಯುವ ಸ್ಟಾಪು ಬಂದರೂ ಎದ್ದಿರಲಿಲ್ಲ, "ಇಳೀರ್ರಿ, ಕತೆ ಆಮ್ಯಾಲೆ ಕೇಳೀರಂತೆ," ಎಂದು ಕಂಡಕ್ಟರ್ ಎಬ್ಬಿಸಿದ. ಅತ್ತೆ ಅವತ್ತು ಚೆನ್ನಾಗಿ ನಕ್ಕಳು.

ಕಾದಂಬರಿಯದು ಸಿಗಲಿಲ್ಲ. ಎಲ್ಲಿ ತೆರೆದು ಓದಿದರೂ ತಲೆಯಾಡಿಸಿದಳು. ನಡುವಿನಲ್ಲಿ ಓದಿದೆ, ಇಲ್ಲ. ಹಿಂದಕ್ಕೆ ಹೋದೆ, ಇಲ್ಲ. ಮೊದಲ ಪುಟಕ್ಕೆ ಬಂದೆ, ಅದಕ್ಕೂ ಇಲ್ಲ ಎಂದಳು. ನಾನೇ ಕಣ್ಣಾರೆ ಕಂಡಿದ್ದೆ, ಅರ್ಧಕ್ಕಿಂತ ಮುಂದೆ ಹೋಗಿತ್ತು ಆ ಕಡ್ಡಿ. ಕಾಯಿಲೆ ಅಷ್ಟನ್ನೂ ಒರೆಸಿಹಾಕಿತ್ತೋ, ಅಥವಾ ಮತ್ತೊಮ್ಮೆ ಕೇಳುವ ಆಸೆಗೆ ನನ್ನನ್ನು ಆಟ ಆಡಿಸುತ್ತಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಅವಳ ಮೇಲೂ ರೇಗಿದೆ. ನಿಜ ಹೇಳು ಅತ್ತೆ ಎಂದೆ.

"ಓದು," ಎಂದಳು. "ಅವಸರ ಏನೈತೆ? ಪುಸ್ತಕ ಎಲ್ಲಿಗಾದ್ರೂ ಓಡೋಗ್ತೈತಾ?"

ಅವಸರ ಏನಿದೆ ಎಂದು ನನಗೆ ಗೊತ್ತಿತ್ತು, ಅವಳಿಗೆ ಹೇಳುವ ಹಾಗಿರಲಿಲ್ಲ. ಅದಕ್ಕೇ ಮೊದಲ ಪುಟದಿಂದ ಹಿಡಿದು ಗಡಗಡ ಓದಲು ಶುರು ಮಾಡಿದೆ, ಹೇಗಾದರೂ ಅವಳು ಬಿಟ್ಟ ಜಾಗ ದಾಟಿಸಿಬಿಡಬೇಕು ಎಂದು. ಅವಳು ಉಂಗುರದ ಬೆರಳಿನಿಂದ ಮಂಚದ ಪಟ್ಟಿ ಕುಟ್ಟಿದಳು. ನಿಧಾನ. ಒಂದು ಪುಟ, ಒಂದೂವರೆ ಪುಟ, ಸಾಕು ಎನ್ನುವುದು. ಉಳಿದ ಮೂರು ಪುಸ್ತಕಗಳಿಗೂ ಪಾಲು ಕೊಡಬೇಕು. ನಾನೋ ಹಲ್ಲು ಕಚ್ಚಿಕೊಂಡು ಕೂರಬೇಕಾಗುತ್ತಿತ್ತು. ಚಿಕ್ಕಪ್ಪ ನಾಲ್ಕು ಕಡ್ಡಿ ಕೀಳದೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೊನೆಯ ಭಾಗದಲ್ಲಿ ಇರುತ್ತಿದ್ದಳಲ್ಲ ಎಂದು ಪ್ರತಿ ಪುಟಕ್ಕೂ ಕುದಿಯುತ್ತಿದ್ದೆ. ಅವಳು ಕಣ್ಣು ಮುಚ್ಚಿ ಆ ಮನೆಯ ಸೊಸೆಯಂದಿರ ಜಗಳ ಕೇಳುತ್ತ ಆರಾಮಾಗಿ ಮಲಗಿರುತ್ತಿದ್ದಳು.

ಹಾಗೇ ಬೇಸಿಗೆ ಬಂತು. ಒಂದು ಮಧ್ಯಾಹ್ನ ಓದಿದ ಭಾಗದಲ್ಲಿ ಆ ಮನೆಯ ಹಿರಿಸೊಸೆ, ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ ಇಲ್ಲ ಎಂದು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೊರಟಳು. ಹೊಸಿಲು ದಾಟಿದಳು ಎಂಬಲ್ಲಿಗೆ ಅತ್ತೆ ಸಾಕು ಎಂದಳು. ನಾನು ಕೈಗೆ ಸಿಕ್ಕ ಕೆಂಪು ಗಂಟಿನ ಕಡ್ಡಿಯೊಂದನ್ನೇ ಆ ಸಾಲಿನ ಕೆಳಗೆ ಮಲಗಿಸಿದೆ. ಅವಳು ಎಡಗೈ ಚಾಚಿ, ನೇರವಾಗಿದೆಯೋ ಇಲ್ಲವೋ ಎಂದು ಬೆರಳಾಡಿಸಿ ನೋಡಿದಳು. ಮಾರನೆಯ ಬೆಳಿಗ್ಗೆ ಕಾಫಿಗೆ ಎಬ್ಬಿಸಲು ಹೋದಾಗ ಅವಳು ಏಳಲಿಲ್ಲ.

ತಿಥಿಯ ಊಟಕ್ಕೆ ಬಂದವರ ಮುಂದೆ ಚಿಕ್ಕಪ್ಪ, ನಮ್ಮಕ್ಕ ಎಂಥಾ ಓದುಗಾರ್ತಿ ಅಂತೀರಿ ಎಂದು ಶುರು ಮಾಡಿದ. ಬಡಿಸುತ್ತಿದ್ದ ಸೌಟು ಅಲ್ಲೇ ಇಟ್ಟು ನಾನು ಹೊರಗೆ ಹೋದೆ. ಅವಳ ಹೆಸರಿನಲ್ಲಿ ಊರಿನ ವಾಚನಾಲಯಕ್ಕೆ ಒಂದು ಬೀರು ಕೊಡಿಸುತ್ತಾನಂತೆ, ಮೇಲೆ ಫೋಟೊ ಹಾಕಿಸುತ್ತಾನಂತೆ. ನನ್ನ ಹತ್ತಿರ ಇರುವ ನಾಲ್ಕು ಪುಸ್ತಕವೂ ಬೇಕಂತೆ, ಓದಿ ಮುಗಿಸಿ ಕಳಿಸು ಎಂದ. ಆ ನಾಲ್ಕೂ ನಮ್ಮ ಮನೆಯಲ್ಲಿ ಅವವುಗಳ ಜಾಗದಲ್ಲಿವೆ. ಮೂರನ್ನು ಅವಳು ನಿಲ್ಲಿಸಿದಲ್ಲಿಂದ ದಿನಕ್ಕೊಂದಿಷ್ಟು ಓದುತ್ತೇನೆ, ಅವಸರವಿಲ್ಲದೆ ಓದುವುದು ಈಗ ನನಗೂ ಬಂದಿದೆ. ಕಿವಿಯ ಮೇಲೆ ಕಡ್ಡಿ ಮರೆತು ಶಾಲೆಗೆ ಹೋದರೆ ಮಕ್ಕಳು ನಗುತ್ತಾರೆ, ನಗಲಿ. ಕಾದಂಬರಿಯ ಕಡ್ಡಿ ಮಾತ್ರ ಕದಲಿಸಿಲ್ಲ.

ಮೊನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ್ದ. ಬೀರು ಬಂದೈತೆ, ಆ ದಪ್ಪ ಪುಸ್ತಕ ಓದಿ ಮುಗೀತೇನಮ್ಮ ಎಂದು ಕೇಳಿದ.

"ಇಲ್ಲ ಚಿಕ್ಕಪ್ಪ," ಎಂದೆ. "ಮಜ್ಜಿಗೆ ತರಾಕೆ ಹೋದೋಳು ಇನ್ನೂ ಮನೆಗೆ ಬಂದಿಲ್ಲ."

ಯಾರಮ್ಮ, ಯಾರು ಬಂದಿಲ್ಲ ಎಂದು ಅವನು ಕೇಳುತ್ತಲೇ ಇದ್ದ. ನಾನು ಫೋನ್ ಇಟ್ಟೆ.